ಓದುಗರ ಪ್ರಶ್ನೋತ್ತರ: ತೋಟದ ಕಸ, ಮಾರುವ ಸರಕು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಹೊಲ, ತೋಟ, ಕಾರ್ಖಾನೆಗಳಲ್ಲಿ ಬಿದ್ದು ಕೊಳೆಯುವುದನ್ನು ಗೊಬ್ಬರವೋ ತಟ್ಟೆಯೋ ತಿನಿಸೋ ಮಾಡಿ ಮಾರಬಹುದೇ ಎಂದು ಓದುಗರು ಕೇಳಿದ್ದಾರೆ. ಗೊಬ್ಬರ ತಯಾರಿಕೆ, ಅಣಬೆ ಬೇಸಾಯ, ಹಣ್ಣಿನ ಸಂಸ್ಕರಣೆಯಲ್ಲಿ ಪಳಗಿದವರಿಂದ ಉತ್ತರ ಪಡೆದಿದ್ದೇವೆ.

ನಮ್ಮೂರ ನಾರಿನ ಕಾರ್ಖಾನೆಯವರು ತೆಂಗಿನ ನಾರಿನ ಪುಡಿಯನ್ನು ಬಿಟ್ಟಿಯಾಗಿ ಕೊಡುತ್ತಾರೆ. ಅದನ್ನೇ ಟ್ರೇಗೆ ತುಂಬಿ ಟೊಮೆಟೊ ಸಸಿ ಬೆಳೆಸಿದೆ. ಕೆಲವೇ ದಿನದಲ್ಲಿ ಎಲೆಯ ಅಂಚು ಸುಟ್ಟಿತು, ಎಳೆ ಎಲೆ ಮುರುಟಿತು. ಏನು ತಪ್ಪಾಗಿದೆ? ಇದನ್ನು ತೊಳೆದು, ಇಟ್ಟಿಗೆಯ ಆಕಾರಕ್ಕೆ ಒತ್ತಿ ಮಾರುವ ಘಟಕ ಹಾಕಬೇಕೆಂಬ ಆಸೆಯೂ ಇದೆ.
— ಓದುಗರು, ತಿಪಟೂರು

ಅಂಚು ಸುಟ್ಟಿದ್ದು ಉಪ್ಪಿನಿಂದ. ಎಳೆ ಎಲೆ ಮುರುಟಿದ್ದು ಕ್ಯಾಲ್ಸಿಯಂ ಸಿಗದೆ. ಎರಡಕ್ಕೂ ಮೂಲ ಒಂದೇ. ತೆಂಗಿನ ಮಟ್ಟೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಉಪ್ಪುಗಳು ಸಹಜವಾಗಿಯೇ ಹೆಚ್ಚು. ಪುಡಿಯ ಕಣಗಳು ಇವನ್ನು ಹಿಡಿದಿಟ್ಟುಕೊಂಡಿರುತ್ತವೆ. ನೀವು ಗೊಬ್ಬರದ ನೀರು ಕೊಟ್ಟಾಗ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಪುಡಿಯೇ ಹೀರಿಕೊಂಡು ಬದಲಿಗೆ ಸೋಡಿಯಂ, ಪೊಟ್ಯಾಸಿಯಂ ಬಿಡುತ್ತದೆ. ಸಸಿಗೆ ಸಿಗುವುದು ಬೇಡವಾದದ್ದು ಮಾತ್ರ.

ಮೊದಲು ಅಳೆಯಿರಿ. ಕೈಯಲ್ಲಿ ಹಿಡಿಯುವ ಇ.ಸಿ. ಮೀಟರ್ (ನೀರಿನಲ್ಲಿ ಕರಗಿದ ಉಪ್ಪನ್ನು ವಿದ್ಯುತ್ ವಾಹಕತೆಯಿಂದ ತಿಳಿಸುವ ಉಪಕರಣ) ಸಾಕು. ಒಂದು ಅಳತೆ ಪುಡಿಗೆ ಐದು ಅಳತೆ ಶುದ್ಧೀಕರಿಸಿದ ನೀರು ಹಾಕಿ, ಕಲಕಿ, ಅರ್ಧ ಗಂಟೆ ಬಿಟ್ಟು, ಸೋಸಿ ಮೀಟರ್ ಅದ್ದಿ. ಸೆಂಟಿಮೀಟರಿಗೆ 0.5 ಮಿಲಿಸೀಮೆನ್ಸ್‌ಗಿಂತ ಕೆಳಗಿದ್ದರೆ ಸಸಿಗೆ ಬಳಸಬಹುದು. ಹೆಚ್ಚಿದ್ದರೆ ತೊಳೆಯಬೇಕು. ತೊಳೆಯುವ ನೀರನ್ನೂ ಅಳೆಯಿರಿ ಎಂಬುದನ್ನು ಒತ್ತಿ ಹೇಳುತ್ತೇವೆ. ನಿಮ್ಮ ಭಾಗದ ಆಳದ ಕೊಳವೆಬಾವಿಗಳಲ್ಲಿ ನೀರಿನದ್ದೇ ಇ.ಸಿ. 1 ದಾಟಿರುವುದುಂಟು. ಅಂಥ ನೀರಿನಲ್ಲಿ ಹತ್ತು ಸಲ ತೊಳೆದರೂ ಪುಡಿಯ ಉಪ್ಪು ನೀರಿನ ಮಟ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ. ಮಳೆಗಾಲದಲ್ಲಿ ಪುಡಿಯನ್ನು ಇಳಿಜಾರಿನ ಸಿಮೆಂಟ್ ಕಣದ ಮೇಲೆ ಅರ್ಧ ಅಡಿ ದಪ್ಪಕ್ಕೆ ಹರಡಿ ಮಳೆಗೆ ಬಿಡುವುದು ಎಲ್ಲಕ್ಕಿಂತ ಅಗ್ಗದ ದಾರಿ.

ಕಣಕ್ಕೆ ಅಂಟಿಕೊಂಡ ಸೋಡಿಯಂ ಬರೀ ನೀರಿಗೆ ಬಿಡುವುದಿಲ್ಲ. ಐದು ಕೆಜಿ ಒಣ ಪುಡಿಗೆ ಸುಮಾರು 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟನ್ನು ಪುಡಿ ಪೂರ್ತಿ ನೆನೆಯುವಷ್ಟು ನೀರಿನಲ್ಲಿ ಕರಗಿಸಿ, ಒಂದು ರಾತ್ರಿ ನೆನೆಸಿ, ಮರುದಿನ ಒಳ್ಳೆಯ ನೀರಿನಲ್ಲಿ ತೊಳೆದು ಬಸಿಯಿರಿ. ಹೂವು, ದೊಣ್ಣೆಮೆಣಸು ಬೆಳೆಯುವ ಪಾಲಿಹೌಸಿನವರು ಕೇಳುವುದು ಹೀಗೆ ಸಂಸ್ಕರಿಸಿದ ಪುಡಿಯನ್ನೇ.

ಇಟ್ಟಿಗೆ ಘಟಕದ ಬಗ್ಗೆ: ಜನ ಹೈಡ್ರಾಲಿಕ್ ಪ್ರೆಸ್‌ನ ಬೆಲೆ ವಿಚಾರಿಸಿ ಲೆಕ್ಕ ಮುಗಿಯಿತು ಎಂದುಕೊಳ್ಳುತ್ತಾರೆ. ಕಣ್ಣಿಗೆ ಬೀಳದ ಖರ್ಚು ಒಣಗಿಸುವ ಕಣದ್ದು. ತೊಳೆದ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿರುತ್ತದೆ. ಪ್ರೆಸ್‌ಗೆ ಹಾಕುವಾಗ ತೇವ ಶೇ 15ರಿಂದ 18ರೊಳಗೆ ಇರಬೇಕು. ಹೆಚ್ಚಿದ್ದರೆ ಇಟ್ಟಿಗೆ ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ, ತೀರಾ ಒಣಗಿದರೆ ಅಂಚು ಉದುರುತ್ತದೆ. ಬಿಸಿಲಿನಲ್ಲಿ ಎರಡು ಮೂರು ಇಂಚು ದಪ್ಪಕ್ಕೆ ಹರಡಿ ದಿನಕ್ಕೆ ನಾಲ್ಕು ಬಾರಿ ಮಗುಚಬೇಕು. ಅಷ್ಟು ಜಾಗ, ಅಷ್ಟು ಒಳ್ಳೆಯ ನೀರು ಇಲ್ಲದಿದ್ದರೆ ಇಟ್ಟಿಗೆಯ ಗೊಡವೆಗೆ ಹೋಗದೆ ಪುಡಿಯನ್ನು ಗೊಬ್ಬರ ಮಾಡಿ.

ಆ ವಿಧಾನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ್ದು, ಸರಳವಾದದ್ದು. ಒಂದು ಟನ್ ಪುಡಿಗೆ 5 ಕೆಜಿ ಯೂರಿಯಾ, 5 ಬಾಟಲಿ ಸಿಂಪಿ ಅಣಬೆ ಬೀಜ. ತೆಂಗಿನ ಮರದ ನೆರಳಿನಲ್ಲಿ 5 ಮೀಟರ್ ಉದ್ದ, 3 ಮೀಟರ್ ಅಗಲದ ಜಾಗ ಸಮ ಮಾಡಿ. ಮೊದಲು 100 ಕೆಜಿ ಪುಡಿ, ಅದರ ಮೇಲೆ ಒಂದು ಬಾಟಲಿ ಅಣಬೆ ಬೀಜ. ಮತ್ತೆ 100 ಕೆಜಿ, ಅದರ ಮೇಲೆ 1 ಕೆಜಿ ಯೂರಿಯಾ. ಹೀಗೆ ಒಂದು ಪದರಕ್ಕೆ ಬೀಜ, ಮುಂದಿನದಕ್ಕೆ ಯೂರಿಯಾ ಎಂದು ಹತ್ತು ಪದರ. ದಿನವೂ ತೇವ ನೋಡಿ. ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಒಂದರಿಂದ ಎರಡು ತಿಂಗಳಲ್ಲಿ ಪುಡಿ ಕಪ್ಪಾಗಿ, ರಾಶಿ ಕುಗ್ಗಿ, ಮಣ್ಣಿನ ವಾಸನೆ ಬರುತ್ತದೆ. ಇಂಗಾಲ–ಸಾರಜನಕದ ಅನುಪಾತ ನೂರಕ್ಕಿಂತ ಮೇಲಿದ್ದದ್ದು 24ರ ಆಸುಪಾಸಿಗೆ ಇಳಿಯುತ್ತದೆ. ಇಲ್ಲಿ ಪ್ರಮಾಣ ಕೊಟ್ಟಿರುವುದು ಒಣ ಪುಡಿಗೆ. ಕಾರ್ಖಾನೆಯ ರಾಶಿಯಿಂದ ತಂದ ಒದ್ದೆ ಪುಡಿಯಲ್ಲಿ ಮುಕ್ಕಾಲು ಪಾಲು ನೀರಿರಬಹುದು. ಅದರ ಒಂದು ಟನ್‌ಗೆ ಇಷ್ಟೇ ಯೂರಿಯಾ ಹಾಕಿದರೆ ಅಮೋನಿಯಾ ಹೆಚ್ಚಾಗಿ ಅಣಬೆ ಬೀಜ ಸಾಯುತ್ತದೆ.

ಮನೆಯಲ್ಲೇ ಅಡಿಕೆ ಹಾಳೆಯ ತಟ್ಟೆ ಮಾಡುತ್ತೇವೆ. ಕೆಲವು ತಟ್ಟೆ ಅಂಚಿನಲ್ಲಿ ಸೀಳುತ್ತವೆ, ಕೆಲವಕ್ಕೆ ಪೊಟ್ಟಣದೊಳಗೇ ಬೂಷ್ಟು. ಅಮೆರಿಕಕ್ಕೆ ಕಳಿಸುವವರು ಖರೀದಿ ನಿಲ್ಲಿಸಿದ್ದಾರೆ. ಏಕೆ?
— ಓದುಗರು, ಕೊಪ್ಪ

ಸೀಳುವುದು ನೆನೆಸುವುದರಲ್ಲಿ ಆಗುವ ಎಡವಟ್ಟು. ಹಾಳೆಯನ್ನು ಶುದ್ಧ ನೀರಿನಲ್ಲಿ 15–20 ನಿಮಿಷ ನೆನೆಸಿ, ಬ್ರಷ್‌ನಿಂದ ಉಜ್ಜಿ, ನಿಲ್ಲಿಸಿ ಇಪ್ಪತ್ತು ನಿಮಿಷ ಬಸಿಯಲು ಬಿಡಿ. ಹಾಳೆಯ ದಪ್ಪ ಭಾಗ ನಿಧಾನವಾಗಿ ನೆನೆಯುತ್ತದೆ, ತೆಳು ಅಂಚು ಬೇಗ. ಆದ್ದರಿಂದ ದಪ್ಪ ಹಾಳೆ, ತೆಳು ಹಾಳೆ ಬೇರೆ ಬೇರೆ ಮಾಡಿ ನೆನೆಸಿದರೆ ಅರ್ಧ ಸಮಸ್ಯೆ ಕಳೆಯುತ್ತದೆ. ಡೈಯ (ತಟ್ಟೆ ಒತ್ತುವ ಅಚ್ಚಿನ) ಬಿಸಿ 100 ಡಿಗ್ರಿಯ ಆಸುಪಾಸಿನಲ್ಲಿ, ಒತ್ತುವ ಅವಧಿ ಒಂದು ನಿಮಿಷದ ಹತ್ತಿರ ಇರಲಿ. ಕಂದು ಕಲೆ ಕಂಡರೆ ಬಿಸಿ ಹೆಚ್ಚು. ಡೈಯಿಂದ ತೆಗೆದ ತಟ್ಟೆ ತಿರುಚಿಕೊಂಡರೆ ತೇವ ಉಳಿದಿದೆ, ಇನ್ನೂ ಹತ್ತು ಹದಿನೈದು ಸೆಕೆಂಡು ಬೇಕು. ಥರ್ಮೋಸ್ಟಾಟ್ ನಂಬಬೇಡಿ. ಡೈಯ ನಡುವೆ ಮತ್ತು ಅಂಚಿನಲ್ಲಿ ಬೇರೆಯಾಗಿ ಬಿಸಿ ಅಳೆದು ನೋಡಿ. ಒಂದು ಹೀಟರ್ ಕಾಯಿಲ್ ಹೋದರೂ ಅಂಚಿನ ಸೀಳು ಶುರುವಾಗುತ್ತದೆ.

ಬೂಷ್ಟಿಗೆ ಕಾರಣ ಎರಡು. ಮಳೆಯಲ್ಲಿ ನೆಂದು ಬೆಳ್ಳಗೆ ಮಾಸಿದ ಹಾಳೆ ಒಂದು, ಒತ್ತಿದ ತಟ್ಟೆಯನ್ನು ಬಿಸಿಬಿಸಿಯಾಗೇ ಪ್ಲಾಸ್ಟಿಕ್‌ಗೆ ತುಂಬುವುದು ಇನ್ನೊಂದು. ಹತ್ತು ತಟ್ಟೆ ತೂಗಿ, ಬಿಸಿಲಿನಲ್ಲಿ ಎರಡು ಗಂಟೆ ಇಟ್ಟು ಮತ್ತೆ ತೂಗಿ. ತೂಕ ಇಳಿದರೆ ಅವು ಇನ್ನೂ ಒಣಗಿಲ್ಲ. ಮಲೆನಾಡಿನಲ್ಲಿ ವರ್ಷದ ಹಾಳೆಯನ್ನು ಡಿಸೆಂಬರ್‌ನಿಂದ ಮೇ ಒಳಗೆ ಆಯ್ದು, ಒಣಗಿಸಿ, ನೆಲದಿಂದ ಒಂದಡಿ ಎತ್ತರದ ಅಟ್ಟಣಿಗೆಯಲ್ಲಿ ಕಟ್ಟಿಡುವುದೇ ಸರಿ. ಒಂದು ಮರ ವರ್ಷಕ್ಕೆ 5ರಿಂದ 7 ಹಾಳೆ ಬೀಳಿಸುತ್ತದೆ. ಆ ಲೆಕ್ಕದ ಮೇಲೆ ಎಷ್ಟು ತೋಟಗಳ ಜತೆ ಒಪ್ಪಂದ ಬೇಕೆಂದು ತಿಳಿಯಿರಿ. ಬೂಷ್ಟು ಮುಚ್ಚಲು ಗಂಧಕದ ಹೊಗೆ ಕೊಡುವ ರೂಢಿ ಕೆಲವೆಡೆ ಇದೆ. ಊಟ ಬಡಿಸುವ ಸಾಮಾನಿಗೆ ಅದು ಖಂಡಿತ ಕೂಡದು.

ಅಮೆರಿಕದ ವಿಷಯ: ಅಡಿಕೆ ಮರದ ಹಾಳೆಯಲ್ಲಿರುವ ಅರೆಕೊಲಿನ್‌ನಂಥ ಕ್ಷಾರಾಂಶಗಳು ಆಹಾರಕ್ಕೆ ಇಳಿಯಬಹುದು ಎಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಹೇಳಿ, ಈ ತಟ್ಟೆಗಳ ಆಮದಿನ ಮೇಲೆ ಎಚ್ಚರಿಕೆ ಹೊರಡಿಸಿತು. ನಿಮ್ಮ ಖರೀದಿದಾರರು ಹಿಂದೆ ಸರಿದಿರುವುದು ಅದಕ್ಕೇ ಇರಬೇಕು. ಈಗ ರಫ್ತನ್ನೇ ನಂಬಿ ಹೊಸ ಡೈ ಹಾಕಿಸಬೇಡಿ. ಊರ ಮದುವೆ, ದೇವಸ್ಥಾನದ ಊಟ, ಬೆಂಗಳೂರಿನ ಅಡುಗೆ ಗುತ್ತಿಗೆದಾರರು ಸದ್ಯಕ್ಕೆ ಗಟ್ಟಿ ಮಾರುಕಟ್ಟೆ.

ಭತ್ತದ ಹುಲ್ಲು ಸುಡುವ ಬದಲು ಅಣಬೆ ಬೆಳೆಯೋಣ ಅಂತ ಶುರು ಮಾಡಿದ್ದೀವಿ. ಚೀಲಗಳಲ್ಲಿ ಅರ್ಧಕ್ಕರ್ಧ ಹಸಿರು ಬೂಷ್ಟು ಬಂದು ಹಾಳಾದವು. ಪ್ರಮಾಣ ಸಹಿತ ತಿಳಿಸಿ.
— ಸ್ವಸಹಾಯ ಸಂಘದ ಸದಸ್ಯೆಯರು, ಗಂಗಾವತಿ

ಹಸಿರು ಬೂಷ್ಟು ಎಂದರೆ ಟ್ರೈಕೋಡರ್ಮಾ. ಹೊಲದಲ್ಲಿ ಅದು ರೈತನ ಗೆಳೆಯ, ಅಣಬೆ ಚೀಲದಲ್ಲಿ ಶತ್ರು. ಹುಲ್ಲು ಸರಿಯಾಗಿ ಬೇಯದಿದ್ದರೆ, ನೀರು ಹೆಚ್ಚಿದ್ದರೆ, ಬೀಜ ಹಳತಾಗಿದ್ದರೆ ಅದಕ್ಕೆ ಮೊದಲ ಅವಕಾಶ ಸಿಗುತ್ತದೆ.

ಸಿಂಪಿ ಅಣಬೆಗೆ ಹತ್ತು ಕೆಜಿ ಒಣಹುಲ್ಲಿನ ಲೆಕ್ಕ ಹೇಳುತ್ತೇವೆ. ಹುಲ್ಲು ಅದೇ ಸುಗ್ಗಿಯದು, ಮಳೆಗೆ ನೆನೆಯದ್ದು, ಬಂಗಾರದ ಬಣ್ಣದ್ದಾಗಿರಬೇಕು. ಕೊಯ್ಲಿಗೆ ಮುಂಚಿನ ವಾರಗಳಲ್ಲಿ ಔಷಧ ಹೊಡೆದ ಗದ್ದೆಯ ಹುಲ್ಲು ಬೇಡ, ನೀವು ಬೆಳೆಯುತ್ತಿರುವುದು ತಿನ್ನುವ ವಸ್ತು. ಒಂದರಿಂದ ಎರಡು ಇಂಚು ತುಂಡು ಮಾಡಿ, ರಾತ್ರಿಯಿಡೀ ನೆನೆಸಿ. ಮರುದಿನ 70–80 ಡಿಗ್ರಿ ಬಿಸಿ ನೀರಿನಲ್ಲಿ ಒಂದು ಗಂಟೆ ಪೂರ್ತಿ ಮುಳುಗಿರಲಿ. ಗೋಣಿಚೀಲದಲ್ಲಿ ಹುಲ್ಲು ಒತ್ತಿ ತುಂಬಿದರೆ ನಡುವಿನ ಭಾಗ ಬೇಯುವುದೇ ಇಲ್ಲ, ಹೆಚ್ಚಿನ ಚೀಲಗಳು ಕೆಡುವುದು ಇಲ್ಲಿ. ಸಡಿಲವಾಗಿ ತುಂಬಿ, ಮೇಲೆ ಕಲ್ಲು ಹೇರಿ, ಥರ್ಮಾಮೀಟರನ್ನು ಚೀಲದ ನಡುವೆ ಇಟ್ಟು ನೋಡಿ. ಬಸಿದ ಹುಲ್ಲನ್ನು ಫಿನಾಯಿಲ್ ಹಾಕಿ ಒರೆಸಿದ ಶುಚಿಯಾದ ಪ್ಲಾಸ್ಟಿಕ್ ಹಾಳೆಯ ಮೇಲೆ ನೆರಳಿನಲ್ಲಿ ಹರಡಿ. ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿದಾಗ ಒಂದೆರಡು ಹನಿ ಮಾತ್ರ ಬರಬೇಕು. ಆಗ ತೇವ ಶೇ 65ರ ಸುತ್ತ ಇರುತ್ತದೆ, ಹತ್ತು ಕೆಜಿ ಹುಲ್ಲು 28 ಕೆಜಿ ಆಗಿರುತ್ತದೆ.

ಇದಕ್ಕೆ ಬೀಜ 800–900 ಗ್ರಾಂ. ಬೀಜದ ಚೀಲದಲ್ಲಿ ಬಿಳಿ ಎಳೆ ತುಂಬಿರಬೇಕು. ಹಳದಿ ನೀರು ನಿಂತಿದ್ದರೆ, ಹಸಿರು ಚುಕ್ಕೆ ಕಂಡರೆ ಹಿಂದಿರುಗಿಸಿ. 12x24 ಇಂಚಿನ ಪ್ಲಾಸ್ಟಿಕ್ ಚೀಲದಲ್ಲಿ ಮೂರು ನಾಲ್ಕು ಇಂಚು ಹುಲ್ಲು, ಅಂಚಿನ ಸುತ್ತ ಬೀಜ, ಮತ್ತೆ ಹುಲ್ಲು ಎಂದು ತುಂಬಿ ಬಾಯಿ ಕಟ್ಟಿ, ಸ್ವಚ್ಛ ಸೂಜಿಯಿಂದ ಇಪ್ಪತ್ತು ತೂತು ಹಾಕಿ. 15–20 ದಿನ ಕತ್ತಲ ಕೋಣೆ, 25 ಡಿಗ್ರಿಯ ಹತ್ತಿರ. ಇಡೀ ಚೀಲ ಬಿಳಿಯಾದ ಮೇಲೆ ಪ್ಲಾಸ್ಟಿಕ್ ಸೀಳಿ, ಬೆಳಕು, ಗಾಳಿ, ಶೇ 80–90 ತೇವಾಂಶ ಕೊಡಿ. ಕಾಲು ಉದ್ದವಾಗಿ ಕೊಡೆ ಚಿಕ್ಕದಾದರೆ ಕೋಣೆಗೆ ಗಾಳಿ ಸಾಲದು. ಕೊಡೆಯ ಅಂಚು ಒಣಗಿ ಸೀಳಿದರೆ ತೇವ ಸಾಲದು. ಕಪ್ಪು ಮಸಿಯಾಗಿ ಕರಗುವ ಕಾಡು ಅಣಬೆ ಬಂದರೆ ಹುಲ್ಲು ಹೆಚ್ಚು ಒದ್ದೆ. ಕೊಡೆಯ ಅಂಚು ಮೇಲಕ್ಕೆ ಮಡಚುವ ಮೊದಲೇ ಕೊಯ್ಯಿರಿ. ತಡವಾದರೆ ಬೀಜಕಣ ಉದುರಿ ಕೋಣೆಯಲ್ಲಿ ಕೆಲಸ ಮಾಡುವವರಿಗೆ ಕೆಮ್ಮು ಬರುತ್ತದೆ, ಮೂಗಿಗೆ ಮಾಸ್ಕ್ ಇರಲಿ. ಹತ್ತು ಕೆಜಿ ಹುಲ್ಲಿಗೆ ಎರಡು ಮೂರು ಕೊಯ್ಲು ಸೇರಿ 6–8 ಕೆಜಿ ಬಂದರೆ ಒಳ್ಳೆಯ ಬೆಳೆ.

ಗಂಗಾವತಿಯ ಬೇಸಿಗೆಯಲ್ಲಿ ಸಿಂಪಿ ಅಣಬೆಗೆ ಹಟ ಹಿಡಿಯಬೇಡಿ. ಆಗ 30–35 ಡಿಗ್ರಿ ತಡೆಯುವ ಹಾಲಣಬೆ ಹಾಕಿ. ಅದಕ್ಕೆ ಚೀಲದ ಮೇಲೆ ಸೋಂಕು ನೀಗಿಸಿದ ಮಣ್ಣಿನ ಹೊದಿಕೆ ಬೇಕಾಗುತ್ತದೆ. ಬೀಜ ಮತ್ತು ತರಬೇತಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯನ್ನು ಕೇಳಿ. ಬೆಳೆ ಮುಗಿದ ಹುಲ್ಲನ್ನು ಕೋಣೆಯ ಪಕ್ಕ ರಾಶಿ ಹಾಕಬೇಡಿ, ನೊಣ ಅಲ್ಲೇ ಹುಟ್ಟಿ ಹೊಸ ಚೀಲಕ್ಕೆ ಬರುತ್ತದೆ. ದೂರದ ಎರೆಹುಳು ತೊಟ್ಟಿಗೆ ಹಾಕಿ. ಮತ್ತೊಂದು ಮಾತು, ಚೀಲ ಕಟ್ಟುವ ಮೊದಲೇ ಹೊಸಪೇಟೆ, ಕೊಪ್ಪಳದ ಹೋಟೆಲುಗಳ ಜತೆ ಮಾತಾಡಿರಿ. ಹಸಿ ಅಣಬೆ ಹೊರಗೆ ಒಂದು ದಿನ, ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಮಾತ್ರ ಬಾಳುತ್ತದೆ. ಒಣಗಿಸಿದರೆ ಹತ್ತು ಕೆಜಿಗೆ ಒಂದು ಕೆಜಿ.

ಗೇರುಬೀಜ ಕಿತ್ತುಕೊಂಡು ಹಣ್ಣನ್ನು ಮರದಡಿಯೇ ಬಿಡುತ್ತೇವೆ. ರಸ ತೆಗೆದರೆ ಗಂಟಲು ಕೆರೆಯುತ್ತದೆ, ಎರಡು ದಿನಕ್ಕೆ ಕಪ್ಪಾಗುತ್ತದೆ.
— ಓದುಗರು, ಪುತ್ತೂರು

ಗಂಟಲು ಕೆರೆಯುವುದು ಟ್ಯಾನಿನ್ ಎಂಬ ಒಗರಿನಿಂದ. ಅದನ್ನು ಕೂರಿಸಲು ಸಾಬಕ್ಕಿ ಸಾಕು. ಒಂದು ಲೀಟರ್ ರಸಕ್ಕೆ 5 ಗ್ರಾಂ ಸಾಬಕ್ಕಿಯನ್ನು ಸ್ವಲ್ಪ ನೀರಿನಲ್ಲಿ ಗಂಜಿಯಂತೆ ಬೇಯಿಸಿ, ಆರಿಸಿ, ರಸಕ್ಕೆ ಬೆರೆಸಿ ಹನ್ನೆರಡು ಗಂಟೆ ಅಲುಗಿಸದೆ ಇಡಿ. ಟ್ಯಾನಿನ್ ಗಂಜಿಗೆ ಅಂಟಿ ತಳ ಸೇರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಈ ಹನ್ನೆರಡು ಗಂಟೆ ತಂಪು ಜಾಗದಲ್ಲಿ ಕಳೆಯಬೇಕು, ಇಲ್ಲವಾದರೆ ಹುಳಿಯಲು ಶುರು.

ಕಪ್ಪಾಗುವುದು ಕಬ್ಬಿಣದಿಂದ. ಟ್ಯಾನಿನ್ ಕಬ್ಬಿಣಕ್ಕೆ ತಾಗಿದರೆ ಮಸಿ. ಚಾಕು, ಹಿಂಡುವ ಯಂತ್ರ, ಪಾತ್ರೆ ಎಲ್ಲವೂ ಸ್ಟೀಲ್ ಇರಲಿ. ಬಿದ್ದು ಜಜ್ಜಿದ ಹಣ್ಣು ಆಯಬೇಡಿ. ಅದು ಒಂದೇ ದಿನದಲ್ಲಿ ಹುಳಿಯುತ್ತದೆ. ಮರದಡಿ ಬಲೆ ಕಟ್ಟಿ, ಬೆಳಿಗ್ಗೆ ಆಯ್ದು ಮಧ್ಯಾಹ್ನದೊಳಗೆ ಹಿಂಡಿ.

ಸ್ಕ್ವಾಷ್‌ಗೆ ಲೆಕ್ಕ: ತಿಳಿರಸ 1 ಲೀಟರ್, ಸಕ್ಕರೆ 1.7 ಕೆಜಿ, ನೀರು 1.25 ಲೀಟರ್, ಸಿಟ್ರಿಕ್ ಆಮ್ಲ 40 ಗ್ರಾಂ. ಸಕ್ಕರೆ, ನೀರು, ಆಮ್ಲ ಕುದಿಸಿ ಸೋಸಿ, ಆರಿದ ಮೇಲೆ ರಸ ಬೆರೆಸಿ. ಕೆಡದಂತೆ ಕಾಯಲು, ಗಂಧಕದ ಡೈಆಕ್ಸೈಡ್ ಬಿಡುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ 2 ಗ್ರಾಂ, ಸ್ವಲ್ಪ ನೀರಿನಲ್ಲಿ ಕರಗಿಸಿ ಕೊನೆಗೆ. ಇದಕ್ಕಿಂತ ಹೆಚ್ಚು ಬೇಡ, ಸ್ಕ್ವಾಷ್‌ನಲ್ಲಿ ಗಂಧಕದ ಡೈಆಕ್ಸೈಡ್‌ಗೆ 350 ಪಿಪಿಎಂ (ಹತ್ತು ಲಕ್ಷ ಪಾಲಿಗೆ 350 ಪಾಲು) ಮಿತಿ ಇದೆ. ಸ್ಕ್ವಾಷ್ ಎಂಬ ಹೆಸರಿಡಲು ಶೇ 25 ಹಣ್ಣಿನ ರಸ, ಶೇ 40 ಕರಗಿದ ಘನಾಂಶ ಇರಬೇಕೆಂಬ ನಿಯಮ ಈ ಲೆಕ್ಕಕ್ಕೆ ಹೊಂದುತ್ತದೆ. ಆದರೂ ಮೊದಲ ಬ್ಯಾಚನ್ನು, ಕರಗಿದ ಘನಾಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿ. ಮಾರಾಟಕ್ಕೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಕಡ್ಡಾಯ, ಅದರ ಫೋಸ್ಕಾಸ್ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ನಿಮ್ಮೂರಲ್ಲೇ ಗೇರು ಸಂಶೋಧನಾ ನಿರ್ದೇಶನಾಲಯ ಇದೆ, ಹಣ್ಣಿನ ಬಳಕೆಯ ಬಗ್ಗೆ ಅಲ್ಲಿ ನೇರವಾಗಿ ಕೇಳಿ.

ಕಾಲ ಚಿಕ್ಕದು, ಎರಡು ಮೂರು ತಿಂಗಳು. ಉಳಿದ ತಿಂಗಳು ಅದೇ ಯಂತ್ರದಲ್ಲಿ ಪುನರ್ಪುಳಿ, ಅನಾನಸು ನಡೆಸಿದರೆ ಮಾತ್ರ ಬ್ಯಾಂಕಿನ ಕಂತು ತುಂಬಲು ಸಾಧ್ಯ.

ಬಾಳೆಕಾಯಿ ಹುಡಿ ಬೂದು ಬಣ್ಣಕ್ಕೆ ತಿರುಗುತ್ತದೆ. ಬಾಳೆದಿಂಡಿನ ನಾರು ತೆಗೆಯುವ ಯಂತ್ರ ಕೊಳ್ಳುವುದು ಲಾಭವೆ?
— ಓದುಗರು, ಶಿರಸಿ

2021ರಲ್ಲಿ ಬಾಳೆಗೆ ಬೆಲೆ ಬಿದ್ದಾಗ ಉತ್ತರ ಕನ್ನಡ, ದಕ್ಷಿಣ ಕನ್ನಡದ ಮನೆಗಳಲ್ಲಿ ‘ಬಾಕಾಹು’ (ಬಾಳೆಕಾಯಿ ಹುಡಿ) ಹೆಸರಿನಲ್ಲಿ ಹಬ್ಬಿದ ಕೆಲಸ ಇದು. ಬಣ್ಣಗೆಡುವುದು ಸಿಪ್ಪೆ ಸುಲಿದ ಮೇಲೆ ಗಾಳಿ ತಾಗುವುದರಿಂದ. ಸುಲಿದ ಕಾಯಿಯನ್ನು ಲೀಟರಿಗೆ 5 ಗ್ರಾಂ ಸಿಟ್ರಿಕ್ ಆಮ್ಲ ಹಾಕಿದ ನೀರಿಗೆ ತಕ್ಷಣ ಬಿಡಿ. ಅಕ್ಕಿ ಗಂಜಿ, ಮಜ್ಜಿಗೆ ನೀರೂ ನಡೆಯುತ್ತದೆ. 2–3 ಮಿ.ಮೀ. ಬಿಲ್ಲೆ ಮಾಡಿ ಅದೇ ದಿನ ಒಣಗಲು ಹಾಕಿ. ಡ್ರೈಯರ್ ಇದ್ದರೆ 60 ಡಿಗ್ರಿ ದಾಟಬಾರದು. ಬಿಲ್ಲೆ ಬಾಗದೆ ಟಕ್ಕನೆ ಮುರಿಯಬೇಕು. ಪೂರ್ತಿ ಬಲಿತು ಇನ್ನೂ ಹಣ್ಣಾಗದ ಕಾಯಿಯೇ ಬೇಕು. ಸಿಹಿ ಏರಿದ ಕಾಯಿಯ ಹುಡಿ ಡಬ್ಬಿಯಲ್ಲಿ ಗಂಟು ಕಟ್ಟುತ್ತದೆ. ಸುಮಾರು 5 ಕೆಜಿ ಕಾಯಿಗೆ 1 ಕೆಜಿ ಹುಡಿ. ಕಾಯಿಯ ಬೆಲೆ ಏರಿದ ವಾರ ಹುಡಿ ಮಾಡುವುದು ನಷ್ಟ.

ನಾರಿನ ಯಂತ್ರದ ಬಗ್ಗೆ ನಮ್ಮ ಸಲಹೆ: ಕೊಳ್ಳುವವರು ಬರೆದುಕೊಡುವ ತನಕ ಕೊಳ್ಳಬೇಡಿ. 20–25 ಕೆಜಿ ತೂಗುವ ಒಂದು ದಿಂಡಿನಿಂದ ಸಿಗುವುದು 100–200 ಗ್ರಾಂ ನಾರು, ಉಳಿದದ್ದು ನೀರು ಮತ್ತು ತಿರುಳು. ದಿಂಡನ್ನು ಹತ್ತು ಕಿಲೋಮೀಟರ್ ಸಾಗಿಸಿದರೆ ಲಾಭ ದಾರಿಯಲ್ಲೇ ಖರ್ಚಾಗುತ್ತದೆ. ಯಂತ್ರವೇ ತೋಟಕ್ಕೆ ಹೋಗಬೇಕು, ಗೊನೆ ಕಡಿದ ಎರಡು ದಿನದೊಳಗೆ ನಾರು ತೆಗೆಯಬೇಕು, ಇಲ್ಲವಾದರೆ ನಾರು ಕಂದಾಗುತ್ತದೆ. ಅಹಮದಾಬಾದಿನ ‘ಸಾಥಿ’ ಕಂಪನಿ ಬಾಳೆನಾರಿನಿಂದ ಸ್ಯಾನಿಟರಿ ಪ್ಯಾಡ್ ಮಾಡುತ್ತದೆ. ಅಂಥ ಬಳಕೆಗೆ ನಾರು ಮೆದುವಾಗಿ, ಒಂದೇ ಗುಣಮಟ್ಟದ್ದಾಗಿ ಬೇಕು. ಹೊರ ಪದರದ ಒರಟು ನಾರನ್ನು ಒಳ ಪದರದ ನಾರಿನೊಡನೆ ಬೆರೆಸಿ ಕಳಿಸಿದರೆ ಮೊದಲ ಲೋಡೇ ವಾಪಸು. ಯಂತ್ರದಿಂದ ಇಳಿಯುವ ರಸವನ್ನು ಚೆಲ್ಲಬೇಡಿ. ಅದರಿಂದ ದ್ರವ ಗೊಬ್ಬರ ಮಾಡುವ ವಿಧಾನವನ್ನು ಗುಜರಾತಿನ ನವಸಾರಿ ಕೃಷಿ ವಿಶ್ವವಿದ್ಯಾಲಯ ರೂಪಿಸಿದೆ.

ತೊಗರಿ ಕಟ್ಟಿಗೆಯಿಂದ ಬಯೋಚಾರ್ ಮಾಡಿದರೆ ಕಾರ್ಬನ್ ಹಣ ಬರುತ್ತದೆ ಎಂದು ಒಬ್ಬರು ಬಂದು ಹೇಳಿ ಹೋದರು. ನಮ್ಮ ಹೊಲಕ್ಕೂ ಒಳ್ಳೆಯದಂತೆ. ನಂಬಬಹುದೆ?
— ಓದುಗರು, ಕಲಬುರಗಿ ಜಿಲ್ಲೆ

ಹೊಲಕ್ಕೆ ಒಳ್ಳೆಯದು ಎಂಬ ಮಾತನ್ನು ಮಣ್ಣು ಪರೀಕ್ಷೆ ಮಾಡಿಸದೆ ಒಪ್ಪಬೇಡಿ. ಬಯೋಚಾರ್, ಅಂದರೆ ಗಾಳಿ ಆಡದಂತೆ ಸುಟ್ಟ ಇದ್ದಿಲು, ಸಾಮಾನ್ಯವಾಗಿ ಕ್ಷಾರ ಗುಣದ್ದು. ಕರಾವಳಿ, ಮಲೆನಾಡಿನ ಹುಳಿ ಮಣ್ಣಿಗೆ ಅದರಿಂದ ಹೆಚ್ಚು ಉಪಯೋಗ. ನಿಮ್ಮ ಕಪ್ಪು ಎರೆಭೂಮಿಯ ರಸಸಾರ (ಪಿಎಚ್) ಮೊದಲೇ 8ರ ಮೇಲಿರುವುದು ಸಾಮಾನ್ಯ. ಅಲ್ಲಿ ಎಕರೆಗೆ ಟನ್‌ಗಟ್ಟಲೆ ಹಾಕಿದರೆ ಸತು, ಕಬ್ಬಿಣದ ಕೊರತೆ ಹೆಚ್ಚಬಹುದು. ಗೊಬ್ಬರದ ಗುಂಡಿಗೆ ಹತ್ತನೇ ಒಂದು ಪಾಲು ಬೆರೆಸಿ, ಸಾಲಿನಲ್ಲಿ ಕೊಡುವುದಾದರೆ ಸರಿ.

ಮಾಡುವ ಬಗೆ: ಬಾಯಿ ಐದಡಿ, ಆಳ ಮೂರಡಿ, ತಳ ಕಿರಿದಾದ ಗುಂಡಿ. ಕಟ್ಟಿಗೆ ಚೆನ್ನಾಗಿ ಒಣಗಿರಲಿ. ತಳದಲ್ಲಿ ಸಣ್ಣ ಬೆಂಕಿ ಹಚ್ಚಿ ತೆಳು ಪದರ ಹಾಕಿ. ಕಟ್ಟಿಗೆಯ ಮೈಮೇಲೆ ಬೂದಿಯ ಬಿಳುಪು ಕಾಣತೊಡಗಿದ ಕೂಡಲೇ ಮುಂದಿನ ಪದರ. ಮೇಲಿನ ಜ್ವಾಲೆ ಕೆಳಗಿನ ಪದರಕ್ಕೆ ಗಾಳಿ ಹೋಗದಂತೆ ತಡೆಯುತ್ತದೆ, ಅದೇ ಇದರ ಗುಟ್ಟು. ತಡಮಾಡಿದರೆ ಬೂದಿ, ಅವಸರ ಮಾಡಿದರೆ ಹೊಗೆ. ಗುಂಡಿ ತುಂಬಿದ ಮೇಲೆ ಸಾಕಷ್ಟು ನೀರು ಸುರಿದು ಪೂರ್ತಿ ನಂದಿಸಿ. ಮಣ್ಣು ಮುಚ್ಚಿ ಬಿಟ್ಟರೆ ಒಳಗೆ ಕೆಂಡ ಉಳಿದು ಮರುದಿನ ಮತ್ತೆ ಹೊತ್ತುವುದುಂಟು. ಒಣ ತೂಕದ ಐದನೇ ಒಂದು ಪಾಲು ಇದ್ದಿಲು ಸಿಕ್ಕರೆ ಚೆನ್ನಾಗಿ ಸುಟ್ಟಂತೆ. ಹಸಿ ಇದ್ದಿಲನ್ನು ನೇರ ಹೊಲಕ್ಕೆ ಹಾಕಬೇಡಿ, ಮೊದಲ ಬೆಳೆಯ ಸಾರಜನಕವನ್ನು ಅದೇ ಹೀರುತ್ತದೆ. ಗೋಮೂತ್ರ ಅಥವಾ ಕೊಟ್ಟಿಗೆ ಗೊಬ್ಬರದೊಡನೆ ಎರಡು ವಾರ ನೆನೆಸಿಡಿ.

ಕಾರ್ಬನ್ ಹಣ ಸುಳ್ಳಲ್ಲ. ಗುರುಗ್ರಾಮದ ‘ವರಾಹ’ ಕಂಪನಿಯಿಂದ 2030ರೊಳಗೆ 1 ಲಕ್ಷ ಟನ್ ಬಯೋಚಾರ್ ಕ್ರೆಡಿಟ್ (ಗಾಳಿಯಿಂದ ತೆಗೆದು ಹಿಡಿದಿಟ್ಟ ಇಂಗಾಲಕ್ಕೆ ಸಿಗುವ ಪ್ರಮಾಣಪತ್ರ) ಕೊಳ್ಳುವುದಾಗಿ ಗೂಗಲ್ 2025ರ ಜನವರಿಯಲ್ಲಿ ಪ್ರಕಟಿಸಿತು. ಆದರೆ ಹಣ ಸಿಗುವುದು ಅಳೆದು ದಾಖಲಿಸಿದ ಇದ್ದಿಲಿಗೆ. ಪ್ರತಿ ಗುಂಡಿಯ ಫೋಟೊ, ತೂಕ, ತೇವ, ಎಲ್ಲಿ ಹಾಕಿದಿರಿ ಎಂಬ ಗುರುತು ಬೇಕು. ಒಬ್ಬ ರೈತ ನೇರವಾಗಿ ಮಾರುವುದು ಕಷ್ಟ, ನಡುವೆ ಸಂಸ್ಥೆ ಇರುತ್ತದೆ. ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಕ್ರೆಡಿಟ್ ಯಾರ ಹೆಸರಿಗೆ, ಹಣ ಇದ್ದಿಲಿನ ಕೆಜಿಗೋ ಅಥವಾ ಮಾರಾಟದ ಪಾಲೋ, ಯಾವಾಗ ಕೈಗೆ, ಎಷ್ಟು ವರ್ಷ ಬಿಡುವಂತಿಲ್ಲ. ಮೊದಲೇ ನೋಂದಣಿ ಶುಲ್ಕ ಕೇಳುವವರಿಗೆ ಬಾಗಿಲು ತೋರಿಸಿ. ಮನೆಯ ಒಲೆಗೆ ಬೇಕಾದಷ್ಟು ಕಟ್ಟಿಗೆ ಉಳಿಸಿಕೊಂಡೇ ಲೆಕ್ಕ ಹಾಕಿ.

ಕಬ್ಬಿನ ತರಗು ಸುಡದೆ ಕೂಳೆ ಬೆಳೆ (ಕಡಿದ ಬುಡ ಮತ್ತೆ ಚಿಗುರಿ ಬರುವ ಬೆಳೆ) ಮಾಡುವುದು ಹೇಗೆ?
— ಓದುಗರು, ಮಂಡ್ಯ

ಪ್ರತಿ ಟನ್ ತರಗಿಗೆ 8 ಕೆಜಿ ಯೂರಿಯಾ, 10 ಕೆಜಿ ಸೂಪರ್ ಫಾಸ್ಫೇಟ್, 1 ಕೆಜಿ ಕೊಳೆಸುವ ಜೀವಾಣು. ತರಗನ್ನು ಯಂತ್ರದಿಂದ ತುಂಡರಿಸಿ ಸಾಲಿನ ನಡುವೆ ಹರಡಿ, ಇವನ್ನು ಎರಚಿ, ನೀರು ಹಾಯಿಸಿ. ಕೂಳೆಯ ಬುಡವನ್ನು ತರಗು ಮುಚ್ಚಬಾರದು, ಮುಚ್ಚಿದರೆ ಚಿಗುರು ಹಳದಿಯಾಗಿ ಏಳುತ್ತದೆ. ಯೂರಿಯಾ ಬಿಟ್ಟು ಬರೀ ಜೀವಾಣು ಹಾಕಿದರೆ ಅದು ಮಣ್ಣಿನ ಸಾರಜನಕ ಬಳಸಿಕೊಂಡು ಕಬ್ಬು ಒಂದೆರಡು ತಿಂಗಳು ಸೊರಗುತ್ತದೆ.

ನಾವಿಬ್ಬರು ಎಂಜಿನಿಯರುಗಳು. ಕೃಷಿ ತ್ಯಾಜ್ಯದಿಂದ ಆಹಾರ ಅಥವಾ ಕೃಷಿ ಒಳಸುರಿ ಮಾಡುವ ಸ್ಟಾರ್ಟಪ್ ಆರಂಭಿಸಬೇಕೆಂದಿದ್ದೇವೆ. ಟೊಮೆಟೊ, ಮಾವಿನ ತ್ಯಾಜ್ಯ ಕೋಲಾರದಲ್ಲಿ ಬಿಟ್ಟಿ ಸಿಗುತ್ತದೆ. ಯಾವುದನ್ನು ಆರಿಸಿಕೊಳ್ಳಲಿ?
— ಓದುಗರು, ಬೆಂಗಳೂರು

ಬಿಟ್ಟಿ ಸಿಗುವುದು ಎಂದರೆ ಅಗ್ಗ ಎಂದಲ್ಲ. ಲೆಕ್ಕ ನೋಡಿ. ಶೇ 80 ನೀರಿರುವ ಒಂದು ಟನ್ ತ್ಯಾಜ್ಯದಲ್ಲಿ ಒಣ ಅಂಶ 200 ಕೆಜಿ. ಶೇ 10 ತೇವದ ಪುಡಿ ಮಾಡಿದರೆ 220 ಕೆಜಿ ಸಿಗುತ್ತದೆ, 780 ಕೆಜಿ ನೀರು ಆವಿಯಾಗಬೇಕು. ಸಾಮಾನ್ಯ ವಿದ್ಯುತ್ ಡ್ರೈಯರ್‌ಗೆ ಒಂದು ಕೆಜಿ ನೀರಿಗೆ ಸುಮಾರು ಒಂದು ಯೂನಿಟ್ ಬೇಕು. ಯೂನಿಟ್‌ಗೆ 7 ರೂಪಾಯಿ ಎಂದುಕೊಂಡರೂ 5,460 ರೂಪಾಯಿ, ಅಂದರೆ ಪುಡಿಯ ಪ್ರತಿ ಕೆಜಿಗೆ 25 ರೂಪಾಯಿ ಒಣಗಿಸಲಿಕ್ಕೇ ಹೋಯಿತು. ಟೊಮೆಟೊದಲ್ಲಿ ನೀರು ಶೇ 90ಕ್ಕಿಂತ ಹೆಚ್ಚು, ಅಲ್ಲಿ ಈ ಖರ್ಚು ಎರಡು ಪಟ್ಟಿಗೂ ಮೀರುತ್ತದೆ. ಆದ್ದರಿಂದ ಯಾವ ತ್ಯಾಜ್ಯಕ್ಕೂ ಮೂರು ಸಂಗತಿ ಬರೆದುಕೊಳ್ಳಿ: ವರ್ಷದಲ್ಲಿ ಎಷ್ಟು ತಿಂಗಳು ಸಿಗುತ್ತದೆ, ತೇವ ಎಷ್ಟು, ಎಷ್ಟು ಗಂಟೆಯಲ್ಲಿ ಕೆಡುತ್ತದೆ.

ನೆಲೆ ಕಂಡುಕೊಂಡವರನ್ನು ಗಮನಿಸಿದರೆ ಈ ಮೂರಕ್ಕೂ ಉತ್ತರ ಕಾಣುತ್ತದೆ. ಬೆಂಗಳೂರಿನ ‘ಲೂಪ್‌ವರ್ಮ್’ ರೇಷ್ಮೆ ಹುಳು ಮತ್ತು ಕಪ್ಪು ಸೈನಿಕ ನೊಣದ ಮರಿಗಳಿಂದ ಮೀನು, ಕೋಳಿ ಆಹಾರಕ್ಕೆ ಪ್ರೋಟೀನ್ ಮಾಡುತ್ತದೆ. ರಾಮನಗರ, ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯುವ ಕೋಶದ ಹುಳು ವರ್ಷವಿಡೀ ಒಂದೇ ಕಡೆ ಸಿಗುವ ಸರಕು. ಅದರಲ್ಲಿ ಕೊಬ್ಬು ಹೆಚ್ಚು, ಅದೇ ದಿನ ಒಣಗಿಸದಿದ್ದರೆ ಕಮಟು ವಾಸನೆ ಬಂದು ಮೀನಿನ ಆಹಾರಕ್ಕೂ ಬಾರದು. ‘ಸೇವಿಂಗ್ ಗ್ರೇನ್ಸ್’ ಎಂಬ ಇನ್ನೊಂದು ಬೆಂಗಳೂರಿನ ಸಂಸ್ಥೆ ಬಿಯರ್ ತಯಾರಿಕೆಯಲ್ಲಿ ಉಳಿದ ಧಾನ್ಯವನ್ನು ಹಿಟ್ಟು ಮಾಡುತ್ತದೆ. ಆ ಧಾನ್ಯ ಒಂದು ದಿನದಲ್ಲಿ ಹುಳಿಯುವುದರಿಂದ ನಗರದೊಳಗೇ ಕೆಲಸ ನಡೆಯಬೇಕು. ರಾಜಸ್ಥಾನದ ನಾರಾಯಣ ಲಾಲ್ ಗುರ್ಜರ್ ಅವರ ‘ಇಎಫ್ ಪಾಲಿಮರ್’ ಕಿತ್ತಳೆ ಮೊದಲಾದ ಹಣ್ಣಿನ ಸಿಪ್ಪೆಯಿಂದ ನೀರು ಹಿಡಿದಿಡುವ ಪುಡಿ ಮಾಡಿ ‘ಫಸಲ್ ಅಮೃತ್’ ಹೆಸರಿನಲ್ಲಿ ಮಾರುತ್ತದೆ. ಸಿಪ್ಪೆ ರಸದ ಕಾರ್ಖಾನೆಯಲ್ಲಿ ಒಟ್ಟಾಗಿ ಸಿಗುವುದೇ ಅಲ್ಲಿನ ಅನುಕೂಲ. ಒಣಗಿ ಬಿದ್ದ ತೆಂಗಿನ ಗರಿಯನ್ನು ಹಬೆಯಲ್ಲಿ ಬೇಯಿಸಿ, ಎಲೆಯೊಳಗಿನ ಮೇಣ ಮೈಮೇಲೆ ಬರುವಂತೆ ಮಾಡಿ ಸುತ್ತಿ ಸ್ಟ್ರಾ ಮಾಡುವ ವಿಧಾನ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸಾಜಿ ವರ್ಗೀಸ್ ಅವರದು. ಗರಿ ಬಿದ್ದಾಗಲೇ ಒಣಗಿರುತ್ತದೆ, ಕೆಡುವುದಿಲ್ಲ, ವರ್ಷವಿಡೀ ಸಿಗುತ್ತದೆ.

ಕೋಲಾರಕ್ಕೇ ಹೋಗುವುದಾದರೆ ಚೆಲ್ಲಿದ ಟೊಮೆಟೊ ಬಿಟ್ಟು, ಮಾವಿನ ತಿರುಳು ಕಾರ್ಖಾನೆಗಳ ಓಟೆ (ಗೊರಟು), ಸಿಪ್ಪೆಯ ಕಡೆ ನೋಡಿ. ಒಂದೇ ಜಾಗದಲ್ಲಿ ಟನ್‌ಗಟ್ಟಲೆ ಸಿಗುತ್ತದೆ, ಓಟೆಯ ಹೊರಕವಚ ಡ್ರೈಯರ್‌ನ ಒಲೆಗೇ ಉರುವಲಾಗುತ್ತದೆ. ಕಾಲ ಮೂರು ತಿಂಗಳು ಮಾತ್ರ ಎಂಬುದಕ್ಕೆ ಇನ್ನೊಂದು ಸರಕನ್ನು ಜತೆಗೆ ಹುಡುಕಿಕೊಳ್ಳಬೇಕು.

ಹಣಕಾಸಿಗೆ, ಕೇಂದ್ರದ ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಲ್ಲಿ (ಆರ್‌ಕೆವಿವೈ) ಕಲ್ಪನೆಯ ಹಂತಕ್ಕೆ 5 ಲಕ್ಷದವರೆಗೆ, ಮೂಲ ಬಂಡವಾಳಕ್ಕೆ 25 ಲಕ್ಷದವರೆಗೆ ನೆರವು ಇದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಬೆಸ್ಟ್‌ಹಾರ್ಟ್’ ಇಂಥ ಉದ್ಯಮಗಳನ್ನು ಪೋಷಿಸುವ ಕೇಂದ್ರ. ತಿನ್ನುವ ವಸ್ತುವಾದರೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ತಂತ್ರಜ್ಞಾನ ಪರವಾನಗಿ ಕೇಳಿ. ಕಿರು ಆಹಾರ ಘಟಕಗಳಿಗೆ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಡಿ ಶೇ 35, ಗರಿಷ್ಠ 10 ಲಕ್ಷ ಸಹಾಯಧನ ಇದ್ದು, ಕರ್ನಾಟಕ ತನ್ನ ಪಾಲು ಸೇರಿಸಿ ಶೇ 50, ಗರಿಷ್ಠ 15 ಲಕ್ಷಕ್ಕೆ ಏರಿಸಿತ್ತು. ಅರ್ಜಿ ಈಗ ತೆರೆದಿದೆಯೇ ಎಂದು ಕೆಪೆಕ್ (ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ) ಕಚೇರಿಯಲ್ಲಿ ವಿಚಾರಿಸಿಯೇ ಯೋಜನಾ ವರದಿ ಬರೆಯಿರಿ.

ಎರೆಗೊಬ್ಬರವನ್ನು ನಮ್ಮದೇ ಹೆಸರಿನ ಚೀಲದಲ್ಲಿ ಮಾರಲು ಏನು ಬೇಕು?
— ಓದುಗರು, ಚನ್ನಗಿರಿ

1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಎರೆಗೊಬ್ಬರಕ್ಕೂ ಅಳತೆಗೋಲು ಇದೆ. ತೇವ ಶೇ 15–25, ಸಾವಯವ ಇಂಗಾಲ ಕನಿಷ್ಠ ಶೇ 18, ಸಾರಜನಕ ಶೇ 1, ರಂಜಕ ಮತ್ತು ಪೊಟ್ಯಾಷ್ ತಲಾ ಶೇ 0.8. ಜತೆಗೆ ಸೀಸ, ಕ್ಯಾಡ್ಮಿಯಂನಂಥ ಭಾರ ಲೋಹಗಳ ಮಿತಿ. 4 ಮಿ.ಮೀ. ಜರಡಿಯಲ್ಲಿ ಶೇ 90 ಇಳಿಯಬೇಕು. ಕೃಷಿ ಇಲಾಖೆಯ ಅನುಮತಿ ಪಡೆದೇ ಚೀಲ ಅಚ್ಚು ಹಾಕಿಸಿ.

ಅಡಿಕೆ ಸೀಮೆಯ ಎರೆಗೊಬ್ಬರ ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಮಳೆಗಾಲದಲ್ಲಿ ತೇವ ಶೇ 40ರ ಮೇಲೆ ಉಳಿಯುತ್ತದೆ. ಬರೀ ಅಡಿಕೆ ಸೋಗೆ, ಸಿಪ್ಪೆ ಹಾಕಿದಲ್ಲಿ ಸಾರಜನಕ ಸಾಲುವುದಿಲ್ಲ. ಸೋಗೆಯನ್ನು ಮೂರು ನಾಲ್ಕು ಇಂಚು ತುಂಡು ಮಾಡಿ, ತೂಕದ ಐದನೇ ಒಂದು ಪಾಲು ಸಗಣಿ ಬಗ್ಗಡ ಬೆರೆಸಿ, ಗ್ಲಿರಿಸಿಡಿಯಾ ಸೊಪ್ಪು ಸೇರಿಸಿ, ಎರಡು ವಾರ ಕೊಳೆಯಲು ಬಿಟ್ಟು, ರಾಶಿಯ ಬಿಸಿ ಇಳಿದ ಮೇಲೆ ಹುಳು ಬಿಡಿ. ಬಿಸಿಯಿರುವಾಗ ಬಿಟ್ಟರೆ ಹುಳು ತೊಟ್ಟಿಯ ಗೋಡೆ ಹತ್ತಿ ಹೊರಟುಹೋಗುತ್ತವೆ. ಸಿಪ್ಪೆ ನಿಧಾನವಾಗಿ ಕೊಳೆಯುವುದರಿಂದ ಅದನ್ನು ಬೇರೆ ಗುಂಡಿಯಲ್ಲಿ ಮೊದಲೇ ಕೊಳೆಸಿ, ಮೆತ್ತಗಾದ ಮೇಲೆ ತೊಟ್ಟಿಗೆ ಸೇರಿಸಿ. ಗೊಬ್ಬರ ತೆಗೆಯುವ ಐದಾರು ದಿನ ಮುಂಚೆ ನೀರು ನಿಲ್ಲಿಸಿ, ನೆರಳಿನಲ್ಲಿ ಹರಡಿ ಒಣಗಿಸಿ, ಮಾದರಿ ಪರೀಕ್ಷೆಗೆ ಕಳಿಸಿ. ಚೀಲದ ಮೇಲೆ ಬರೆದ ತೂಕ ಆ ತೇವದ ಮೇಲೆಯೇ ನಿಂತಿರುತ್ತದೆ.